ಎಕ್ಸ್‌ಟೆನ್ಷನ್ ಬೋರ್ಡು ಬಿಸಿಯಾದಾಗ

ಕಳೆದ ಆಷಾಢದ ಒಂದು ಬೆಳಗಿನ ಜಾವ ಶಿರಂಗಾಲದ ನಮ್ಮ ಮನೆಯ ಹಜಾರದಲ್ಲಿ ಕಮಟು ವಾಸನೆ ಬಂದಿತು. ಮಳೆ ಹಿಡಿದು ವಾರವಾಗಿತ್ತು. ಸೌದೆ ನೆನೆದಿದ್ದುದರಿಂದ ಸ್ನಾನದ ನೀರನ್ನು ಕರೆಂಟಿನ ಕಾಯಿಲ್ ಇಟ್ಟು ಕಾಯಿಸುತ್ತಿದ್ದೆವು. ಬಚ್ಚಲುಮನೆಯ ಸಾಕೆಟ್ಟು ಕೆಟ್ಟಿತ್ತೆಂದು ಹಜಾರದಿಂದ ಎಕ್ಸ್‌ಟೆನ್ಷನ್ ಬೋರ್ಡು ಎಳೆಯಲಾಗಿತ್ತು. ಮೇನ್ ಸ್ವಿಚ್ ಆರಿಸಿ ಪ್ಲಗ್ಗನ್ನು ಕೀಳಲು ಹೋದಾಗ ಅದು ಬೋರ್ಡಿಗೆ ಕಚ್ಚಿಕೊಂಡಿತ್ತು. ರಂಧ್ರಗಳ ಸುತ್ತಲಿನ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಒಂದು ಮೊಳ ದೂರದಲ್ಲಿ ಒಣಗಲು ಹರವಿದ ಬಟ್ಟೆಗಳಿದ್ದವು. ಆಶ್ಚರ್ಯವೆಂದರೆ, ಮೀಟರಿನ ಬಳಿಯ ಎಂಸಿಬಿ ಬಿದ್ದಿರಲೇ ಇಲ್ಲ.

ಎಂಸಿಬಿ ಇದ್ದ ಮೇಲೆ ಭಯವಿಲ್ಲವೆಂದು ನಂಬಿದ್ದವರಲ್ಲಿ ನಾನೂ ಒಬ್ಬ. ಆ ನಂಬಿಕೆ ಏಕೆ ಅರ್ಧ ಮಾತ್ರ ಸರಿ ಎಂಬುದನ್ನು ಭಕ್ತರೆಲ್ಲರೂ ತಿಳಿಯಬೇಕೆಂದು ಈ ಲೇಖನ.

ಹಾರಂಗಿ ನಾಲೆಯ ಒಂದು ತೂಬಿನಿಂದ ಹತ್ತು ಗದ್ದೆಗಳಿಗೆ ಕಾಲುವೆ ತೆಗೆದರೆ ಪ್ರತಿಯೊಬ್ಬರಿಗೂ ನೀರು ಕಡಿಮೆಯಾಗುತ್ತದೆ. ಕೊನೆಯ ಗದ್ದೆಯವನು ಬಂದು ಜಗಳವಾಡುತ್ತಾನೆ, ಆಗ ತಪ್ಪು ಗೊತ್ತಾಗುತ್ತದೆ. ವಿದ್ಯುತ್ತಿನ ಸ್ವಭಾವ ಹಾಗಲ್ಲ. ಒಂದು ಸಾಕೆಟ್ಟಿಗೆ ನಾಲ್ಕು ಯಂತ್ರಗಳನ್ನು ಸೇರಿಸಿದರೆ ನಾಲ್ಕೂ ಚೆನ್ನಾಗಿಯೇ ನಡೆಯುತ್ತವೆ. ತಂತಿಯು ಇಲ್ಲವೆನ್ನದೆ ಎಲ್ಲರಿಗೂ ಕೊಡುತ್ತದೆ, ತಾನು ಮಾತ್ರ ಒಳಗೊಳಗೇ ಕಾಯುತ್ತದೆ. ಬೋರ್ಡು ರಂಧ್ರಗಳನ್ನು ಹೆಚ್ಚಿಸುತ್ತದೆಯೇ ಹೊರತು ತಂತಿಯ ಶಕ್ತಿಯನ್ನಲ್ಲ.

ಲೆಕ್ಕ ಸುಲಭ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್. ಸಾಮಾನ್ಯ ಚಿಕ್ಕ ಸಾಕೆಟ್ಟು 6 ಆಂಪಿಯರಿನದು. ಎರಡನ್ನೂ ಗುಣಿಸಿದರೆ 1380 ವ್ಯಾಟ್. ಬೋರ್ಡಿಗೆ ಹಾಕಿದ ಎಲ್ಲ ಸಾಧನಗಳೂ ಸೇರಿ ಇಷ್ಟರೊಳಗಿರಬೇಕು. ಮೊಬೈಲ್ ಚಾರ್ಜರು, ಎಲ್‌ಇಡಿ ದೀಪ, ಟಿವಿ ಇವುಗಳಿಂದ ಚಿಂತೆಯಿಲ್ಲ. ಆದರೆ 1500 ವ್ಯಾಟಿನ ಕಾಯಿಲ್ ಒಂದೇ ಈ ಮಿತಿಯನ್ನು ದಾಟುತ್ತದೆ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, 750 ವ್ಯಾಟಿನ ಮಿಕ್ಸಿ ಒಟ್ಟಿಗೆ ನಡೆದರೂ ದಾಟುತ್ತದೆ. 2000 ವ್ಯಾಟಿನ ಇಂಡಕ್ಷನ್ ಒಲೆಯ ಮಾತು ಹೇಳಬೇಕಾಗಿಯೇ ಇಲ್ಲ. ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಪ್ರವಾಹ ಎರಡರಷ್ಟಾದರೆ ತಂತಿಯ ಶಾಖ ನಾಲ್ಕರಷ್ಟಾಗುತ್ತದೆ.

ಕಾಯಿಲ್, ಗೀಸರ್‌ಗಳಿಗೆ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗು ಕೊಟ್ಟಿರುವುದೇ ಅದು ಚಿಕ್ಕ ಸಾಕೆಟ್ಟಿಗೆ ಹಿಡಿಯಬಾರದೆಂದು. ನಾವಾದರೋ ಪೇಟೆಯಿಂದ ಕನ್ವರ್ಟರ್ ತಂದು ಅದನ್ನು ಹಿಡಿಯುವಂತೆ ಮಾಡಿ ಜಾಣರಾಗುತ್ತೇವೆ!

ಇನ್ನು ಎಂಸಿಬಿಯ ವಿಷಯ. ಪ್ಲಗ್ಗಿನ ಪಿನ್ನೂ ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಪಟ್ಟಿಯೂ ಬಿಗಿಯಾಗಿ ಕೂಡಿರಬೇಕು. ಹಳೆಯ ಬೋರ್ಡಿನಲ್ಲಿ ಪಟ್ಟಿ ಸಡಿಲವಾಗಿರುತ್ತದೆ. ಥಂಡಿಗೆ ಕಿಲುಬು ಹಿಡಿದಿರುತ್ತದೆ. ಆ ಸಂದಿನಲ್ಲಿ ಕೇವಲ ಅರ್ಧ ಓಮ್‌ನಷ್ಟು ತಡೆ ಉಂಟಾಗಿ, 7 ಆಂಪಿಯರ್ ಹರಿದರೆ, ಅಲ್ಲಿ ಸುಮಾರು 25 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಡ್ಡಿಯದೂ ಇಷ್ಟೇ ಶಕ್ತಿ. ಅಂದರೆ ಕಾಳಿನಷ್ಟು ಜಾಗದಲ್ಲಿ ಬೆಸುಗೆ ಕಡ್ಡಿಯೊಂದನ್ನು ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿಟ್ಟಂತೆ. 16 ಆಂಪಿಯರಿನ ಎಂಸಿಬಿಗೆ ಕಾಣುವುದು 7 ಆಂಪಿಯರ್ ಮಾತ್ರ. ಅದರ ಪಾಲಿಗೆ ಎಲ್ಲವೂ ಕ್ಷೇಮ. ಅದು ಪ್ರವಾಹದ ಅಳತೆಯನ್ನು ಕಾಯುತ್ತದೆ, ಬೋರ್ಡಿನ ಜ್ವರ ಅದಕ್ಕೆ ತಿಳಿಯದು.

ಆ ಜ್ವರವನ್ನು ನೋಡಬೇಕಾದವರು ನಾವು. ಅರ್ಧ ಗಂಟೆ ಬಳಸಿದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ಗನ್ನೂ ತಂತಿಯನ್ನೂ ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದರೆ, ಚಿಟಚಿಟ ಸದ್ದಿದ್ದರೆ, ಬಣ್ಣ ಕಂದಿದ್ದರೆ, ಪ್ಲಗ್ಗು ಜೋತಾಡುತ್ತಿದ್ದರೆ ಆ ಬೋರ್ಡನ್ನು ಅಂದೇ ತೆಗೆದುಹಾಕಬೇಕು. ಟೇಪು ಸುತ್ತಿ ಮುಂದುವರಿಸುವ ಉಳಿತಾಯ ಬೇಡ. ಒಂದು ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸುವುದು ಸಲ್ಲದು. ಉದ್ದ ತಂತಿಯನ್ನು ಸುರುಳಿ ಸುತ್ತಿಟ್ಟು ಬಳಸಿದರೆ, ಚಾಪೆ ಹಾಸಿಗೆಗಳ ಕೆಳಗೆ ಹಾಯಿಸಿದರೆ, ಶಾಖಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಭತ್ತ, ಜೋಳ ತುಂಬಿಟ್ಟ ಮನೆಗಳಲ್ಲಿ ಇಲಿಗಳು ತಂತಿಯ ಹೊದಿಕೆಯನ್ನು ಕಡಿಯುತ್ತವೆ. ಮೂಟೆಗಳ ಹಿಂದಿನ ತಂತಿಯನ್ನು ಆಗಾಗ ನೋಡತಕ್ಕದ್ದು. ದೇವರ ಮನೆಯಲ್ಲಿ ಹಬ್ಬಕ್ಕೆಂದು ಕಟ್ಟಿದ ಸೀರಿಯಲ್ ಸೆಟ್ಟಿನ ಬೋರ್ಡಿಗೆ ಎಣ್ಣೆ, ನೀರು ತಾಗದಂತಿರಲಿ. ಮಲಗುವಾಗ ಅದನ್ನು ಆರಿಸಿರಿ. ಕೊಳ್ಳುವಾಗ ಐಎಸ್‌ಐ ಗುರುತನ್ನೂ, ಎಷ್ಟು ಆಂಪಿಯರಿನದೆಂಬ ಬರಹವನ್ನೂ ನೋಡಿರಿ. ಕಾಯಿಲ್, ಇಂಡಕ್ಷನ್, ಹೀಟರ್‌ಗಳಿಗೆ ಮಾತ್ರ ಯಾವ ಬೋರ್ಡೂ ಬೇಡ. ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ನೇರವಾಗಿ ಹಾಕಬೇಕು. ನಾವು ಈಗ ಬಚ್ಚಲುಮನೆಯ ಹೊರಗೋಡೆಗೆ ಅಂತಹದೊಂದನ್ನು ಅರ್ತಿಂಗ್ ಸಹಿತ ಹಾಕಿಸಿಕೊಂಡಿದ್ದೇವೆ. ಮೊದಲೇ ಹಾಕಿಸಬೇಕಿತ್ತು.

ಬೆಂಕಿಯೆಂದರೆ ನಾವು ಜ್ವಾಲೆಗೆ ಹೆದರುತ್ತೇವೆ. ಹೆಚ್ಚು ಹೆದರಬೇಕಾದುದು ಹೊಗೆಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಕೊಳವೆಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. 9 ಮಂದಿ ಪ್ರಾಣ ಕಳೆದುಕೊಂಡರು. ಉಸಿರುಕಟ್ಟಿದವರೂ ಹೊಗೆ ತಾಳದೆ ಕೆಳಗೆ ಹಾರಿದವರೂ ಅವರಲ್ಲಿದ್ದರು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕವನ್ನು ಒಯ್ಯದಂತೆ ಅದು ತಡೆಯುತ್ತದೆ. ಮಲಗಿದವರು ಎಚ್ಚರಗೊಳ್ಳದೆಯೇ ಪ್ರಜ್ಞೆ ತಪ್ಪಬಹುದು. ಆದುದರಿಂದ ರಾತ್ರಿ ವೃದ್ಧರ, ಮಕ್ಕಳ ಮಂಚದ ಬಳಿ ಬೋರ್ಡು ಉರಿಯುತ್ತಿರಬಾರದು; ದಿಂಬಿನ ಮೇಲೆ ಮೊಬೈಲು ಚಾರ್ಜಿಗಿರಬಾರದು.

ಬೆಂಕಿ ಕಂಡರೆ ಮೊದಲು ಮೇನ್ ಆರಿಸಿರಿ. ವಿದ್ಯುತ್ತು ಹರಿಯುತ್ತಿರುವಾಗ ನೀರು ಎರಚಕೂಡದು. ಒಣ ಮರಳು ಹಾಕಬಹುದು. ಹೊಗೆ ತುಂಬಿದ್ದರೆ ಸಾಮಾನಿನ ಆಸೆ ಬಿಟ್ಟು, ಬಗ್ಗಿ ನಡೆದು ಎಲ್ಲರೂ ಹೊರಬನ್ನಿರಿ. ಬಳಿಕ 101 ಅಥವಾ 112ಕ್ಕೆ ಕರೆಮಾಡಿರಿ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಪೇಸ್ಟು, ಬೆಣ್ಣೆ, ಬೂದಿ, ಮಂಜುಗಡ್ಡೆ ಯಾವುದೂ ಕೂಡದು. ಶಾಕ್ ಹೊಡೆದವರನ್ನು ಕರೆಂಟು ನಿಲ್ಲಿಸದೆ ಮುಟ್ಟಬೇಡಿರಿ. ಅವರು ಎದ್ದು ಕುಳಿತು ಏನೂ ಆಗಿಲ್ಲವೆಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಗಿನ ಗಾಯ ಚಿಕ್ಕದಿದ್ದು, ಹೃದಯದ ಬಡಿತ ಏರುಪೇರಾಗಿರುವುದುಂಟು.