ಬೆಂಚು ಬಿಚ್ಚುವಾಗ ದೋಣಿಯ ತಗಡು ಜೋಪಾನ

ದಯವಿಟ್ಟು ಮೂರೂ ಬೆಂಚುಗಳನ್ನು ಕೀಳಬೇಡಿ. ಅಲ್ಯೂಮಿನಿಯಂ ದೋಣಿಯ ಎರಡು ಪಕ್ಕಗಳು ಅಗಲವಾಗದಂತೆ ಹಿಡಿದಿರುವುದು ಅವೇ. ಅವುಗಳೊಳಗಿನ ಫೋಮ್, ನೀರು ತುಂಬಿದಾಗಲೂ ದೋಣಿಯನ್ನು ತೇಲಿಸುತ್ತದೆ. ನಡುವಿನದೊಂದನ್ನು ಮಾತ್ರ ತೆಗೆದು, ಅಲ್ಲಿ ಗಟ್ಟಿಯಾದ ಅಡ್ಡಪಟ್ಟಿ ಕೂರಿಸಿ. ತೆಗೆದಷ್ಟೇ ಫೋಮನ್ನು ಬೇರೆಡೆ ತುಂಬಿಸಿ.

ಬೆಂಚನ್ನು ಹಿಡಿದಿರುವ ರಿವೆಟ್ ತೆಗೆಯಲು ಉಳಿ, ಗ್ರೈಂಡರ್ ಎರಡೂ ಬೇಡ. ಚಿಕ್ಕ ದೋಣಿಯ ತಗಡು ಬಹಳ ತೆಳು, ಜಾರಿದರೆ ತೂತೇ. ಒಳಗಡೆಯಿಂದ ಕೊರೆಯಿರಿ, ಕೈ ತಪ್ಪಿದರೂ ಪೆಟ್ಟು ಬೆಂಚಿನ ಅಂಚಿಗೆ ಬೀಳುತ್ತದೆ. ರಿವೆಟ್ ತಲೆಯ ನಟ್ಟನಡುವೆ ಸೆಂಟರ್ ಪಂಚ್‌ನಿಂದ ಗುರುತು ಹೊಡೆದು, ಮೊದಲು ಸಣ್ಣ ಬಿಟ್, ಆಮೇಲೆ ರಿವೆಟ್ಟಿನ ಕಾಂಡದಷ್ಟೇ ದಪ್ಪದ ಬಿಟ್ ಹಾಕಿ. ಅನೇಕ ದೋಣಿಗಳಲ್ಲಿ ಅದು 4.8 ಮಿ.ಮೀ. ತಲೆ ಉಂಗುರದಂತೆ ಬಿಟ್‌ಗೆ ಸಿಕ್ಕಿಕೊಂಡು ಮೇಲೆದ್ದ ಕೂಡಲೇ ನಿಲ್ಲಿಸಿ. ಇನ್ನೊಂದು ಸುತ್ತು ಕೊರೆದರೂ ತೂತು ಅಗಲವಾಗುತ್ತದೆ. ರಿವೆಟ್ ಗಿರಗಿರ ತಿರುಗಿದರೆ ಹೊರಗಿನ ತಲೆಯನ್ನು ಒಬ್ಬರು ಅದುಮಿ ಹಿಡಿಯಲಿ. ಉಳಿದ ಕಾಂಡವನ್ನು ಪಿನ್ ಪಂಚ್ ಇಟ್ಟು ಮೆಲ್ಲಗೆ ತಟ್ಟಿ. ಆಗ ಹೊರಗಿನಿಂದ ತೂತಿರುವ ಮರದ ತುಂಡೊಂದನ್ನು ಆನಿಸಿದರೆ ತಗಡು ಉಬ್ಬುವುದಿಲ್ಲ.

ಖಾಲಿ ತೂತುಗಳಿಗೆ ಸಮುದ್ರದ ಬಳಕೆಯ ಸೀಲೆಂಟ್ ಹಚ್ಚಿ, ತುದಿ ಮುಚ್ಚಿರುವ ಅಲ್ಯೂಮಿನಿಯಂ ರಿವೆಟ್ಟನ್ನೇ ಹಾಕಿ. ಹಿತ್ತಾಳೆ, ತಾಮ್ರ ಅಲ್ಲಿ ಸುಳಿಯಲೇಬಾರದು, ಅಲ್ಯೂಮಿನಿಯಂ ಸವೆದುಹೋಗುತ್ತದೆ. ಹೊಳೆಗಿಳಿಸುವ ಮುನ್ನ ಒಳಗೆ ಎರಡಿಂಚು ನೀರು ಸುರಿದು, ಹೊರಗೆ ಎಲ್ಲಿ ಜಿನುಗುತ್ತದೆಂದು ನೋಡಿ.