ಇಕ್ಕಳ ಹಿಡಿಯುವ ಮೊದಲು

ಹಲ್ಲುನೋವಿನಿಂದ ಬಳಲುವವನಿಗೆ ಒಂದೇ ಹಂಬಲ: ಆ ಹಲ್ಲು ಬೇಗ ಹೋದರೆ ಸಾಕು. ಆದರೆ ಬಲ್ಲ ದಂತವೈದ್ಯನು ಇಕ್ಕಳ ಹಿಡಿಯುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುತ್ತಾನೆ. ಗಾಯವಾದರೆ ರಕ್ತ ಬೇಗ ನಿಲ್ಲುವುದೇ? ಮಧುಮೇಹವಿದೆಯೇ? ಹೃದಯಕ್ಕೆ ಕೃತಕ ಕವಾಟವನ್ನು ಜೋಡಿಸಲಾಗಿದೆಯೇ? ಯಾವ ಔಷಧ ಒಗ್ಗುವುದಿಲ್ಲ? ಇವು ಕಾಲಹರಣದ ಮಾತುಗಳಲ್ಲ. ಹಲ್ಲು ಕೀಳುವಾಗ ಬಾಯಿಯ ಬ್ಯಾಕ್ಟೀರಿಯಗಳು ರಕ್ತವನ್ನು ಸೇರುತ್ತವೆ. ಆರೋಗ್ಯವಂತನ ದೇಹವು ಅವುಗಳನ್ನು ಬೇಗನೆ ನಾಶಮಾಡುತ್ತದೆ. ಕೃತಕ ಕವಾಟವುಳ್ಳವನಲ್ಲಾದರೋ ಅವು ಅಲ್ಲಿಯೇ ನೆಲೆಸಿ ಪ್ರಾಣಕ್ಕೆ ಎರವಾಗಬಹುದು. ಮೊದಲೇ ತಿಳಿದಿದ್ದರೆ ವೈದ್ಯನು ತಕ್ಕ ಔಷಧವನ್ನು ಮುಂಚಿತವಾಗಿ ಕೊಡುತ್ತಾನೆ.

ಪ್ರಶ್ನೆಗೆ ಸಿಕ್ಕದ ರೋಗಗಳೂ ಉಂಟು. ಹೆಪಟೈಟಿಸ್-ಬಿ ವೈರಾಣುವನ್ನು ಹೊತ್ತವನಿಗೇ ಅದರ ಅರಿವು ಇಲ್ಲದಿರಬಹುದು. ಆ ವೈರಾಣು ಒಣಗಿದ ರಕ್ತದ ಕಲೆಯಲ್ಲಿಯೂ 7 ದಿನಗಳವರೆಗೆ ಉಳಿಯಬಲ್ಲದು. ಆದುದರಿಂದ ವೈದ್ಯನು ಎಲ್ಲರ ವಿಷಯದಲ್ಲಿಯೂ ಒಂದೇ ಎಚ್ಚರವನ್ನು ವಹಿಸುತ್ತಾನೆ. ಪ್ರತಿಯೊಬ್ಬ ರೋಗಿಗೂ ಹೊಸ ಸೂಜಿ, ಹೊಸ ಕೈಗವಸು. ಉಪಕರಣಗಳನ್ನು ಕುದಿಸಿದರೆ ಸಾಲದು. ಕೆಲವು ಬ್ಯಾಕ್ಟೀರಿಯಗಳ ಬೀಜಕಣಗಳು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಸಾಯುವುದಿಲ್ಲ. ಅವುಗಳನ್ನು ಚೆನ್ನಾಗಿ ತೊಳೆದು, ಪ್ರೆಷರ್ ಕುಕ್ಕರಿನಂತೆ ಕೆಲಸಮಾಡುವ ಆಟೋಕ್ಲೇವಿನಲ್ಲಿರಿಸಿ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಶಾಖಕ್ಕೆ ಕನಿಷ್ಠ 15 ನಿಮಿಷ ಒಡ್ಡಬೇಕು.

ಹಬೆಯು ಉಪಕರಣವನ್ನು ಶುದ್ಧಮಾಡಬಲ್ಲದು. ರೋಗಿ ಮರೆಮಾಚಿದುದನ್ನು ವೈದ್ಯನಿಗೆ ತಿಳಿಸಲಾರದು. ಅಲ್ಲಿ ಬೇಕಾದುದು ರೋಗಿಯ ನಿಜನುಡಿ.