ಬೆಕ್ಕುಶಾರ್ಕುಗಳ ಜಾತಿನಿರ್ಣಯ

ನಮ್ಮ ಬನಹಟ್ಟಿಯಲ್ಲಿ ಸೀರೆಯ ಗುರುತು ತಿಳಿಯದ ಹೆಣ್ಣುಮಕ್ಕಳು ವಿರಳ. ಬರಿಯ ಬಣ್ಣವನ್ನು ನೋಡಿ ಇದು ಇಳಕಲ್ಲ ಸೀರೆಯೆಂದು ಯಾರೂ ನಿರ್ಣಯಿಸುವದಿಲ್ಲ. ದಡಿಯನ್ನು ನೋಡುವರು, ಸೆರಗು ಒಡಲಿಗೆ ಕೂಡಿದ ಬಗೆಯನ್ನು ನೋಡುವರು. ಪ್ರಾಣಿಗಳ ಜಾತಿಯನ್ನು ಗುರುತಿಸುವ ಶಾಸ್ತ್ರವೂ ಇದೇ ಹಾದಿಯದು. ಸಮುದ್ರದಿಂದ ದೂರವಿರುವ ನಾವು ಇದಕ್ಕೆ ಒಂದು ಮೀನನ್ನೇ ಉದಾಹರಣೆಯಾಗಿ ಆರಿಸಿಕೊಂಡರೆ ವಾಚಕರು ಆಶ್ಚರ್ಯಪಡಬಾರದು.

ಶಾರ್ಕ್ ಎಂದೊಡನೆ ಮನುಷ್ಯರನ್ನು ಕೊಲ್ಲುವ ಭಯಂಕರ ಮೀನು ನೆನಪಾಗುವದು. ಆದರೆ ಬೆಕ್ಕುಶಾರ್ಕುಗಳಲ್ಲಿ ಹೆಚ್ಚಿನವು ಒಂದು ಮೀಟರಿಗೂ ಕಡಿಮೆ ಉದ್ದದವು, ನಿರುಪದ್ರವಿಗಳು. ಬೆಕ್ಕಿನ ಕಣ್ಣಿನಂತೆ ನೀಳವಾದ ಕಣ್ಣುಗಳಿಂದ ಈ ಹೆಸರು ಒಪ್ಪುವದು. ವಿನೋದವೇನೆಂದರೆ, 1758ರಲ್ಲಿ ಲಿನೇಯಸ್ ಪಂಡಿತನು ಯುರೋಪಿನ ಒಂದು ಬೆಕ್ಕುಶಾರ್ಕಿಗೆ ಕೊಟ್ಟ ಲ್ಯಾಟಿನ್ ಹೆಸರಿನ ಅರ್ಥ ‘ಚಿಕ್ಕ ನಾಯಿ’!

ಕರ್ನಾಟಕದ ಕರಾವಳಿಯಲ್ಲಿ ಬಲೆಗೆ ಬೀಳುವ ಬಿದಿರುಶಾರ್ಕುಗಳನ್ನೂ ಹಳೆಯ ಪುಸ್ತಕಗಳು ಕೆಲವು ‘ಬೆಕ್ಕುಶಾರ್ಕು’ಗಳೆಂದೇ ಕರೆದಿವೆ. ಎರಡೂ ತೆಳ್ಳಗೆ ಉದ್ದವಾದವು. ಎರಡರಲ್ಲಿಯೂ ಬೆನ್ನಿನ ಮೊದಲನೆಯ ಈಜುರೆಕ್ಕೆಯು ಬಹಳ ಹಿಂದೆ, ಸೊಂಟದ ರೆಕ್ಕೆಗಳ ಮೇಲ್ಗಡೆಗೆ ಅಥವಾ ಅವುಗಳ ಹಿಂದೆ ಇರುವದು. ಹೀಗಿರಲು ಬೇರ್ಪಡಿಸುವದು ಹೇಗೆ? ಮೀನನ್ನು ಅಂಗಾತ ಮಲಗಿಸಿ ಬಾಯಿಯನ್ನು ನೋಡಬೇಕು. ಬಿದಿರುಶಾರ್ಕಿನ ಬಾಯಿ ಪೂರ್ತಿ ಕಣ್ಣುಗಳ ಮುಂಗಡೆಗಿದೆ. ಮೂಗಿನ ಹೊಳ್ಳೆಯ ಬಳಿ ಚಿಕ್ಕ ಮೀಸೆಯಿದೆ, ಹೊಳ್ಳೆಯಿಂದ ಬಾಯಿಯವರೆಗೆ ಒಂದು ಕಾಲುವೆಯಂಥ ಗೆರೆಯಿದೆ. ನಿಜವಾದ ಬೆಕ್ಕುಶಾರ್ಕಿನ ಬಾಯಿ ಕಣ್ಣುಗಳ ಕೆಳಗಿನವರೆಗೂ ಹಿಂದಕ್ಕೆ ಚಾಚಿರುತ್ತದೆ. ಇನ್ನು ಗುದದ ಹಿಂದಿನ ಈಜುರೆಕ್ಕೆ: ಬಿದಿರುಶಾರ್ಕಿನಲ್ಲಿ ಅದು ನೀಳವಾಗಿ, ತಗ್ಗಾಗಿ, ಬಾಲದ ರೆಕ್ಕೆಗೆ ತಗಲಿದಂತೆಯೇ ಇರುವದು.

ಮೈಮೇಲಿನ ಪಟ್ಟೆಗಳನ್ನು ಮಾತ್ರ ಸುಲಭವಾಗಿ ನಂಬಬಾರದು. ಬೂದು ಬಿದಿರುಶಾರ್ಕಿನ ಮರಿಗೆ ಕಪ್ಪು ಪಟ್ಟೆಗಳಿರುತ್ತವೆ. ಬೆಳೆದಂತೆ ಅವು ಮಾಸಿ ಹೋಗಿ ತಾಯಿ ಒಂದೇ ಬಣ್ಣದವಳಾಗಿ ಕಾಣುವಳು. ಬಣ್ಣವನ್ನೇ ನಂಬಿದವರು ತಾಯಿ-ಮರಿಗಳನ್ನೇ ಎರಡು ಜಾತಿಗಳಾಗಿ ಬರೆದಿಟ್ಟಾರು.

ಅಳಿದುಹೋದ ಕ್ವಾಗ್ಗಾ ಎಂಬ ಪಟ್ಟೆಕುದುರೆಯ ಹೆಸರನ್ನು ಹೊತ್ತ ಬೆಕ್ಕುಶಾರ್ಕೊಂದು ಮಲಬಾರ ತೀರದಾಚೆ ದೊರೆತಿತ್ತು. ‘ಇನ್ವೆಸ್ಟಿಗೇಟರ್’ ಎಂಬ ಸರ್ವೇ ಹಡಗಿನಲ್ಲಿ ವೈದ್ಯನೂ ಪ್ರಾಣಿಶಾಸ್ತ್ರಜ್ಞನೂ ಆಗಿದ್ದ ಆಲ್ಕಾಕನು 1899ರಲ್ಲಿ ಅದನ್ನು ವರ್ಣಿಸಿದನು. ಹೆಸರು ಬಂದದ್ದು ಪಟ್ಟೆಗಳಿಂದಲೇ. ಆದರೆ ಅದರ ಕುಟುಂಬವನ್ನು ಇಂದು ನಿರ್ಣಯಿಸುವದು ತಲೆಬುರುಡೆಯಿಂದ. ಕಣ್ಣಿನ ಮೇಲೆ ಮೃದು ಎಲುಬಿನ ಏಣು ಇರುವ ಬೆಕ್ಕುಶಾರ್ಕುಗಳದು ಒಂದು ಕುಟುಂಬ; ಏಣು ಇಲ್ಲದವುಗಳದು ಇನ್ನೊಂದು. ಪಟ್ಟೆಯ ಮೀನು ಈ ಎರಡನೆಯದಕ್ಕೆ ಸೇರಿತು.

1974ರಲ್ಲಿ ತಲ್ವಾರ್ ಎಂಬ ಶಾಸ್ತ್ರಜ್ಞರು ಕೊಲ್ಲಮ್ಮಿನ ಆಚೆಗಿನ ಆಳನೀರಿನ ಒಂದು ಹೊಸ ಮೀನಿಗೆ ಮತ್ಸ್ಯಶಾಸ್ತ್ರಜ್ಞ ಸೈಲಾಸರ ಹೆಸರನ್ನಿಟ್ಟರು. ಅವರು ಅದನ್ನು ಒಂದು ಕುಲದಲ್ಲಿ ಇರಿಸಿದರೆ, ಮುಂದಿನವರು ಪರೀಕ್ಷಿಸಿ ಬೇರೆ ಕುಲಕ್ಕೆ, ಎಂದರೆ ಅಪಾಯ ಬಂದಾಗ ನೀರು ನುಂಗಿ ಹೊಟ್ಟೆಯುಬ್ಬಿಸುವ ಶಾರ್ಕುಗಳ ಕುಲಕ್ಕೆ ಸೇರಿಸಿದರು. ಜಾತಿಯ ಹೆಸರು ಉಳಿಯಿತು, ಮನೆತನ ಬದಲಾಯಿತು.

ಇಷ್ಟೆಲ್ಲ ಸೂಕ್ಷ್ಮ ಏತಕ್ಕೆಂದು ಕೇಳುವವರುಂಟು. ಬೆಕ್ಕುಶಾರ್ಕುಗಳಲ್ಲಿ ಬಹಳಷ್ಟು ಜಾತಿಗಳು ಚೀಲದಂಥ ಗಟ್ಟಿ ಕೋಶದಲ್ಲಿ ಮೊಟ್ಟೆಗಳನ್ನಿಡುವವು, ಅದೂ ಸಾಮಾನ್ಯವಾಗಿ ಒಂದು ಸಲಕ್ಕೆ ಎರಡೇ. ಲಕ್ಷಗಟ್ಟಲೆ ಮೊಟ್ಟೆಯಿಡುವ ಬಂಗಡೆಯಂತೆ ಇವು ಬೇಗನೆ ತುಂಬಿಕೊಳ್ಳಲಾರವು. ಆಳನೀರಿನ ಸಿಗಡಿಗಾಗಿ ಎಳೆಯುವ ಬಲೆಗಳಲ್ಲಿ ಇವೂ ಸಿಕ್ಕಿ ಬರುತ್ತವೆ. ಬಂದರದ ಲೆಕ್ಕದ ಪುಸ್ತಕದಲ್ಲಿ ತೀರದ ಬಿದಿರುಶಾರ್ಕನ್ನೂ ಆಳದ ಬೆಕ್ಕುಶಾರ್ಕನ್ನೂ ಒಂದೇ ಹೆಸರಿನಿಂದ ಬರೆದರೆ, ಒಂದು ಜಾತಿ ಕ್ಷೀಣಿಸುತ್ತ ಹೋದರೂ ಒಟ್ಟು ತೂಕ ಮೊದಲಿನಷ್ಟೇ ಕಾಣಬಹುದು.